ಕ್ಲೂನಿ: ಕಲ್ಲು ಕಲ್ಲಾಗಿ ಮಾರಿದ ಮಠ

ಕೇಳುಗರೆಲ್ಲರಿಗೂ ನಮಸ್ಕಾರ. ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಕ್ಲೂನಿ ಅಂತ ಒಂದು ಸಣ್ಣ ಊರು. ಒಂದಾನೊಂದು ಕಾಲಕ್ಕೆ ಕ್ರೈಸ್ತ ಜಗತ್ತಿನ ಅತಿ ದೊಡ್ಡ ಚರ್ಚು ಇದ್ದದ್ದು ಇಲ್ಲಿನ ಮಠದಲ್ಲಿ. ಈಗ ಅದರ ಹತ್ತನೇ ಒಂದು ಪಾಲೂ ಉಳಿದಿಲ್ಲ. ಯಾವುದೋ ಯುದ್ಧದಲ್ಲಿ ಬಿದ್ದುಹೋಗಿರಬೇಕು ಅಂದುಕೊಳ್ಳುತ್ತೀರಿ, ಅಲ್ವಾ? ಇಲ್ಲ. ಅದನ್ನು ಮಾರಿದರು.

ಮೊದಲು ಅದು ಹುಟ್ಟಿದ ಕತೆ ಹೇಳಲೇಬೇಕು. 910ನೇ ಇಸವಿ. ಅಕ್ವಿಟೇನಿನ ದೊರೆ ವಿಲಿಯಂ ಒಂದು ಮಠ ಕಟ್ಟಿಸಲು ಹೊರಟ. ಬೆರ್ನೋ ಎಂಬ ಹಿರಿಯ ಸನ್ಯಾಸಿಯನ್ನು ಕರೆದು, "ಜಾಗ ನೀವೇ ಆರಿಸಿ" ಅಂದನಂತೆ. ಬೆರ್ನೋ ಕೇಳಿದ್ದು ಕ್ಲೂನಿ! ದೊರೆಗೆ ಕಸಿವಿಸಿ. ಅದು ಅವನ ಮೆಚ್ಚಿನ ಬೇಟೆಯ ಕಾಡು. ಬೇಟೆನಾಯಿಗಳನ್ನು ಸಾಕಿದ್ದೂ ಅಲ್ಲೇ. "ಅದೊಂದು ಬಿಟ್ಟು ಬೇರೆ ಕೇಳಿ" ಅಂದ. ಬೆರ್ನೋ ಜಗ್ಗಲಿಲ್ಲ. "ನಾಯಿಗಳನ್ನು ಅಟ್ಟಿ, ಸನ್ಯಾಸಿಗಳನ್ನು ಕರೆಸಿ. ನಾಳೆ ದೇವರ ಮುಂದೆ ನಿಮಗೆ ಆಗಿಬರುವುದು ನಾಯಿಗಳ ಬೊಗಳೋ, ಇವರ ಪ್ರಾರ್ಥನೆಯೋ?" ಅಂದರಂತೆ. ದೊರೆ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಈ ಮಠದ ಆಸ್ತಿಯನ್ನು ತಾನಾಗಲಿ, ಬೇರೆ ದೊರೆಯಾಗಲಿ, ಬಿಷಪ್ಪರಾಗಲಿ ಮುಟ್ಟಕೂಡದು ಅಂತ ಬರೆದುಕೊಟ್ಟ. ಎಂಥ ದೊಡ್ಡ ಮಾತು ನೋಡಿ!

ಆ ಬಲದಲ್ಲೇ ಮಠ ಬೆಳೆಯಿತು, ಸುತ್ತ ಊರೂ ಬೆಳೆಯಿತು. ನೂರಾರು ಶಾಖಾಮಠಗಳಾದವು. 1088ರಲ್ಲಿ ಹ್ಯೂ ಎಂಬ ಮಠಾಧಿಪತಿ ಹೊಸ ಚರ್ಚು ಶುರುಮಾಡಿದರು. ಉದ್ದ ಸುಮಾರು 187 ಮೀಟರ್. ರೋಮಿನಲ್ಲಿ ಈಗಿನ ಸಂತ ಪೀಟರರ ಚರ್ಚು ಏಳುವವರೆಗೆ ಇದಕ್ಕೆ ಸಮನಾದದ್ದು ಇರಲಿಲ್ಲ.

ಸಮಯ ಓಡುತ್ತಿದೆ, ಬೇಗ ಹೇಳಿಬಿಡುತ್ತೇನೆ. ಫ್ರೆಂಚ್ ಕ್ರಾಂತಿ ಬಂತು. 1790ರಲ್ಲಿ ಮಠ ಮುಚ್ಚಿತು. 1798ರಲ್ಲಿ ಸರ್ಕಾರ ಅದನ್ನು ವ್ಯಾಪಾರಿಗಳಿಗೆ ಮಾರಿತು. ಅವರಿಗೆ ಅದು ಸುಮ್ನೆ ಒಂದು ಕಲ್ಲಿನ ಗಣಿ. ಚರ್ಚಿನ ನಡುವೆಯೇ ರಸ್ತೆ ಹಾದುಹೋಯಿತು. ಇಪ್ಪತ್ತೈದು ವರ್ಷ ಕಲ್ಲು ಕೀಳುತ್ತಲೇ ಇದ್ದರು. ನೆಪೋಲಿಯನ್ ಕಾಲದ ಕುದುರೆ ಲಾಯಕ್ಕೂ ಇದೇ ಕಲ್ಲು. ಮತ್ತೆ ಹೇಳುತ್ತೇನೆ: ಶತ್ರುಗಳು ಕೆಡವಿದ್ದಲ್ಲ, ಮಾರಿದ್ದು.

ಅಲ್ಲಿಗೆ ಹೋದರೆ ಎಂಟು ಮೂಲೆಯ ಗಂಟೆಗೋಪುರ ಹೇಗೂ ಕಾಣುತ್ತದೆ. ಆದರೆ ಮಠದ ಹಳೆಯ ಹಿಟ್ಟಿನ ಉಗ್ರಾಣಕ್ಕೆ ತಪ್ಪದೆ ಹೋಗಿ. ಚರ್ಚಿನ ಕಂಬಗಳ ಕೆತ್ತನೆಯ ತಲೆಗಳನ್ನು ಅಲ್ಲಿ ಇಟ್ಟಿದ್ದಾರೆ. ಒಂದರಲ್ಲಿ ತಂತಿವಾದ್ಯ ನುಡಿಸುತ್ತಾ ಒಬ್ಬ ಕೂತಿದ್ದಾನೆ. ಅವನನ್ನು ನೋಡದೆ ಮಾತ್ರ ಬರಬೇಡಿ. ನಮಸ್ಕಾರ.