ಚಾರಿತ್ರಿಕ ಚಿತ್ರದ ಹಿಂದಿನ ಕೈಗಳು

ಅಧ್ಯಕ್ಷರೇ, ಮಡಿಕೇರಿಯ ಸಹೃದಯರೇ,

ಬ್ರಿಟಿಷ್ ಕಂಪನಿಯ ಆಳ್ವಿಕೆಯ ವಿರುದ್ಧ ಎದ್ದ 1837ರ ಅಮರ ಸುಳ್ಯದ ದಂಗೆಯನ್ನು ತೆರೆಗೆ ತರಲು ನಮ್ಮ ಜಿಲ್ಲೆಯ ಕೆಲವು ತರುಣರು ಮುಂದಾಗಿದ್ದಾರೆಂಬ ಸಂತೋಷದ ಸುದ್ದಿಯೇ ಇಂದಿನ ಈ ಉಪನ್ಯಾಸಕ್ಕೆ ಕಾರಣ. ಕಥೆ ಈ ಸಭೆಗೆ ಹೊಸದಲ್ಲ. ಆ ವರ್ಷದ ಅಕ್ಟೋಬರ್ 31ರಂದು ದಂಗೆಯ ನಾಯಕರಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದ ಕೋಟೆ ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಆದ್ದರಿಂದ ಇತಿಹಾಸವನ್ನು ನಾನು ಮತ್ತೆ ಹೇಳುವುದಿಲ್ಲ. ಚಿತ್ರದ ಸುದ್ದಿ ಹಬ್ಬಿದಂದಿನಿಂದ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನಾಯಕ ಯಾರು? ಕಲಾ ವಿಭಾಗದಲ್ಲಿ ದುಡಿದು ತಲೆ ನರೆಸಿಕೊಂಡ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಬಟ್ಟೆ ಹೊಲಿಯುವವರು ಯಾರು, ಕತ್ತಿ ಕಾಯಿಸುವವರು ಯಾರು, ಅವರನ್ನು ಕರೆಯುವುದು ಯಾವಾಗ? ಚಿತ್ರಕಥೆ ಅಂತಿಮವಾಗುವ ಮೊದಲೇ ಅವರನ್ನು ಕರೆಯಬೇಕು. ಇದೊಂದನ್ನು ಹೇಳಲೆಂದೇ ನಾನು ಈ ವೇದಿಕೆ ಹತ್ತಿದ್ದೇನೆ.

ಹಿರಿಯರಿಗೆ 1960ರಲ್ಲಿ ಬಂದ ಹಿಂದಿ ಚಿತ್ರ ‘ಮೊಘಲ್-ಎ-ಆಜಮ್’ ನೆನಪಿರಬಹುದು. ನೆನಪಿನಲ್ಲಿ ಉಳಿದಿರುವವರು ದಿಲೀಪ್ ಕುಮಾರ್, ಮಧುಬಾಲಾ, ಪೃಥ್ವಿರಾಜ್ ಕಪೂರ್. ಆದರೆ ನಿರ್ದೇಶಕ ಕೆ. ಆಸಿಫ್ ಆ ಚಿತ್ರಕ್ಕಾಗಿ ಉಡುಪು ಹೊಲಿಯಲು ದೆಹಲಿಯ ದರ್ಜಿಗಳನ್ನೂ, ಕಸೂತಿಗೆ ಸೂರತ್ತಿನವರನ್ನೂ, ಆಭರಣಕ್ಕೆ ಹೈದರಾಬಾದಿನ ಅಕ್ಕಸಾಲಿಗರನ್ನೂ, ಕಿರೀಟಕ್ಕೆ ಕೊಲ್ಹಾಪುರದವರನ್ನೂ, ಆಯುಧಕ್ಕೆ ರಾಜಸ್ಥಾನದ ಕಮ್ಮಾರರನ್ನೂ ಹುಡುಕಿ ಕರೆಸಿದರು. ಪಾದರಕ್ಷೆ ಆಗ್ರಾದಿಂದ ಬಂತು. ಪರದೆಯ ಮೇಲೆ ಅಕ್ಬರನ ಆಸ್ಥಾನವೆಂದು ನಾವು ಕಂಡದ್ದು ಅರ್ಧ ಭಾರತದ ಕುಶಲಕರ್ಮಿಗಳ ದುಡಿಮೆಯನ್ನು.

ಅದೇ ಚಿತ್ರದ ಶೀಷ್ ಮಹಲಿನ ನೃತ್ಯದ ಹಾಡಿನ ಪ್ರಸಂಗವನ್ನು ನಾನು ಎಲ್ಲಿ ಮಾತನಾಡಿದರೂ ಹೇಳುತ್ತೇನೆ, ಇಲ್ಲಿಯೂ ಹೇಳದಿರಲಾರೆ. 150 ಅಡಿ ಉದ್ದದ ಆ ಕನ್ನಡಿ ಮಹಲನ್ನು ಕಟ್ಟಲು ಎರಡು ವರ್ಷ ಹಿಡಿಯಿತು. ಬಣ್ಣದ ಗಾಜು ಬೆಲ್ಜಿಯಮ್ಮಿನಿಂದ ಬಂತು. ಎಲ್ಲ ಸಿದ್ಧವಾಗಿ ದೀಪ ಹೊತ್ತಿಸಿದಾಗ ಸಾವಿರಾರು ಗಾಜಿನ ಚೂರುಗಳು ಬೆಳಕನ್ನು ನೇರವಾಗಿ ಕ್ಯಾಮೆರಾದ ಕಣ್ಣಿಗೇ ಎರಚಿದವು. ಇಲ್ಲಿ ಚಿತ್ರೀಕರಣ ಸಾಧ್ಯವೇ ಇಲ್ಲವೆಂದು ಬಲ್ಲವರೆನಿಸಿಕೊಂಡವರೇ ಕೈಚೆಲ್ಲಿದರು. ಛಾಯಾಗ್ರಾಹಕ ಆರ್.ಡಿ. ಮಾಥುರ್ ದೀಪಗಳನ್ನು ನರ್ತಕಿಯ ಕಡೆಗೆ ತಿರುಗಿಸುವುದನ್ನೇ ಬಿಟ್ಟು, ಬೆಳಕನ್ನು ಬೇರೆಡೆಗೆ ಹಾಯಿಸಿ, ಅಲ್ಲಿಂದ ಪ್ರತಿಫಲಿಸಿ ಬಂದ ಮೃದು ಬೆಳಕಿನಲ್ಲಿ ದೃಶ್ಯವನ್ನು ಹಿಡಿದರು. ಗಾಜು ಕೂಡಿಸಿದವರ ಸಹನೆ ಮತ್ತು ಬೆಳಕು ಬಲ್ಲವನ ಬುದ್ಧಿ, ಇವೆರಡರಲ್ಲಿ ಒಂದು ಇಲ್ಲದಿದ್ದರೂ ಆ ಹಾಡು ನಮಗೆ ದಕ್ಕುತ್ತಿರಲಿಲ್ಲ.

ನಮ್ಮಲ್ಲಿ ಅಷ್ಟು ಹಣವೆಲ್ಲಿದೆ ಎಂದು ಯಾರಾದರೂ ಕೇಳಬಹುದು. ಅದೇ 1960ರಲ್ಲಿ ಕನ್ನಡದ ‘ರಣಧೀರ ಕಂಠೀರವ’ ಬಂತು. ಅದನ್ನು ನಿರ್ಮಿಸಿದವರು ದೊಡ್ಡ ಸ್ಟುಡಿಯೋದವರಲ್ಲ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಅವರಂಥ ಕಲಾವಿದರೇ ಸಂಘ ಕಟ್ಟಿಕೊಂಡು ಚಿತ್ರ ಮಾಡಿದರು. ಹಣ ಕಡಿಮೆಯಿದ್ದಲ್ಲಿ ಬಲ್ಲವರ ಮಾತು ಇನ್ನೂ ಹೆಚ್ಚು ಬೇಕಾಗುತ್ತದೆ.

ಈಗ ನಮ್ಮ ಊರಿಗೆ ಬರೋಣ. 1837ರ ಕೊಡಗನ್ನು ಇಂದಿನ ಕೊಡಗಿನಲ್ಲಿ ಚಿತ್ರೀಕರಿಸುವುದು ಸುಲಭವೆಂದು ನಮ್ಮ ತರುಣರು ನಂಬಿದ್ದಾರೆ. ಕ್ಯಾಮೆರಾವನ್ನು ಎತ್ತ ತಿರುಗಿಸಿದರೂ ಸಿಲ್ವರ್ ಓಕ್ ಮರ ಕಾಣುತ್ತದೆ. ಅದು ಆಸ್ಟ್ರೇಲಿಯಾದ ಮರ, ತೋಟಗಳ ನೆರಳಿಗೆಂದು ಇಲ್ಲಿಗೆ ಬಂದದ್ದು. ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿದ ಕಾಫಿ ತೋಟಗಳು ಬೆಳೆದದ್ದು ದಂಗೆ ಅಡಗಿ ವರ್ಷಗಳು ಉರುಳಿದ ಮೇಲೆ. ಹಳೆಯ ಮನೆಯೆಂದು ಆರಿಸಿಕೊಂಡ, ಕೊಡವ ಮನೆತನದ ಮೂಲ ಮನೆಯಾದ ಐನ್‌ಮನೆಯ ಮಾಡಿನಲ್ಲಿ ಮಂಗಳೂರು ಹೆಂಚಿದ್ದರೆ, ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ ಎಂಬುದನ್ನು ನೆನಪಿಡಬೇಕು. ಕೋಟೆಯೊಳಗಿನ ಚರ್ಚೂ ಅರಮನೆಯ ಗಡಿಯಾರ ಗೋಪುರವೂ ಚೌಕಟ್ಟಿನಲ್ಲಿ ಬರಕೂಡದು. ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯ ಬರಬಹುದು. ಅದರ ಕೆರೆಯ ಆಚೆಗಿನ ಲಾಡ್ಜುಗಳನ್ನು ಮಾತ್ರ ಮರೆಸಬೇಕು. ಇದನ್ನೆಲ್ಲ ನಿರ್ದೇಶಕರೊಬ್ಬರೇ ನೋಡಿಕೊಳ್ಳಲು ಆಗದು. ಮರ ಬಲ್ಲ ರೈತ, ಮಾಡು ಬಲ್ಲ ಬಡಗಿ, ಹುಲ್ಲು ಹೊದಿಸಿ ಗೊತ್ತಿರುವ ಮುದುಕ, ಇವರು ಸ್ಥಳ ಆಯ್ಕೆಗೆ ಹೋಗುವ ಮೊದಲ ಜೀಪಿನಲ್ಲೇ ಇರಬೇಕು.

ಉಡುಪಿನ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಕೊಡವ ಸಂಪ್ರದಾಯದಲ್ಲಿ ಬಿಳಿಯ ಕುಪ್ಯ, ಅಂದರೆ ಗಂಡಸರ ನಿಲುವಂಗಿ, ಮದುಮಗನಿಗೆ ಸಲ್ಲುತ್ತದೆ, ಹೆಣಕ್ಕೂ ಸಲ್ಲುತ್ತದೆ. ಹಸಿರು ಕಾಡಿನ ನಡುವೆ ಚೆನ್ನಾಗಿ ಕಾಣುತ್ತದೆಂದು ಹೊರಗಿನ ವಸ್ತ್ರ ವಿನ್ಯಾಸಕರೊಬ್ಬರು ಯೋಧನಿಗೆ ಬಿಳಿ ತೊಡಿಸಿದರೆ, ವಿರಾಜಪೇಟೆಯ ಚಿತ್ರಮಂದಿರದಲ್ಲಿ ಕುಳಿತ ಅಜ್ಜಿ ಅವನು ಸಾಯಲು ಹೊರಟಿದ್ದಾನೋ ಮದುವೆಗೆ ಹೊರಟಿದ್ದಾನೋ ಎಂದು ಪಕ್ಕದವರನ್ನು ಕೇಳಿಯೇ ಕೇಳುತ್ತಾರೆ. ನೆರಿಗೆ ಹಿಂದಕ್ಕೆ ಬರುವಂತೆ ಉಟ್ಟು ಸೆರಗನ್ನು ಬಲ ಹೆಗಲಿಗೆ ತರುವ ನಮ್ಮ ಹೆಂಗಸರ ಸೀರೆಗೆ ಇಂದು ಪಿನ್ನು ಹಾಕುತ್ತಾರೆ. ಸೇಫ್ಟಿ ಪಿನ್ನಿಗೆ ಪೇಟೆಂಟ್ ಸಿಕ್ಕಿದ್ದು 1849ರಲ್ಲಿ, ಆದ್ದರಿಂದ ನಮ್ಮ ಚಿತ್ರದ ಹೆಂಗಸರು ಸೆರಗನ್ನು ಗಂಟು ಹಾಕಲೇಬೇಕು. ಓಡಿ ಬಂದರೂ ಆ ಗಂಟು ಬಿಚ್ಚದಂತೆ ಹಾಕಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಅವರನ್ನು ಮೇಕಪ್ ಕೋಣೆಗೆ ಗೌರವದಿಂದ ಕರೆದು ಕೂರಿಸಿ.

ಹೊಲಿದ ಬಟ್ಟೆಯನ್ನು ಹಳೆಯದಾಗಿಸುವುದೂ ಒಂದು ಕಸುಬು. ಹೊಸ ಕುಪ್ಯವನ್ನು ಹಲವು ಸಲ ಒಗೆದು ಗಂಜಿ ಬಿಡಿಸುತ್ತಾರೆ. ಮೊಣಕೈ, ಕೊರಳಪಟ್ಟಿ, ಸೊಂಟಪಟ್ಟಿ ಉಜ್ಜುವ ಜಾಗ, ಇಷ್ಟನ್ನೇ ಮರಳು ಕಾಗದದಿಂದ ತಿಕ್ಕುತ್ತಾರೆ. ಅಂಚಿಗೆ ಚಹಾದ ಡಿಕಾಕ್ಷನ್ ಸವರಿ, ಕೆಸರು ಮೆತ್ತಿ, ಒಣಗಿಸಿ ಕೊಡವುತ್ತಾರೆ. ಎಲ್ಲ ಕಡೆಯೂ ಸಮನಾಗಿ ಕೊಳೆ ಮಾಡಿದರೆ ಅದು ವೇಷವೆಂದು ತಕ್ಷಣ ಗೊತ್ತಾಗುತ್ತದೆ. ಬಲಗೈಯಲ್ಲಿ ಕತ್ತಿ ಬೀಸುವವನ ಬಲ ಕಂಕುಳ ಹೊಲಿಗೆಯೇ ಮೊದಲು ಸಡಿಲವಾಗಬೇಕು. ಇಷ್ಟು ಯೋಚಿಸಿ ಒಂದು ಅಂಗಿಯನ್ನು ಸವೆಸುವ ಸಹಾಯಕನ ಹೆಸರು ಎಷ್ಟೋ ಚಿತ್ರಗಳಲ್ಲಿ ತೆರೆಯ ಮೇಲೆ ಬರುವುದೇ ಇಲ್ಲ.

ಆಯುಧದ ಮಾತು. ಪೀಚೆಕತ್ತಿ ಎಂಬ ಕಿರುಗತ್ತಿ ಚೇಲೆಯ, ಅಂದರೆ ಸೊಂಟಪಟ್ಟಿಯ, ಮುಂಭಾಗದಲ್ಲಿರುತ್ತದೆ; ಒಡಿಕತ್ತಿ ಎಂಬ ಅಗಲವಾದ ಯುದ್ಧಗತ್ತಿ ಬೆನ್ನ ಹಿಂದೆ ತೊಡಂಗ್ ಎಂಬ ಹಿಡಿಕೆಯಲ್ಲಿರುತ್ತದೆ. ಬೆನ್ನಿಗೆ ಅಷ್ಟಗಲದ ಕತ್ತಿ ಕಟ್ಟಿಕೊಂಡವನು ಕೂರುವ, ಬಗ್ಗುವ, ತಿರುಗುವ ರೀತಿಯೇ ಬೇರೆ. ಅದನ್ನು ನಟನಿಗೆ ಕಲಿಸಬೇಕಾದವರು ಕತ್ತಿ ಕಟ್ಟಿ ಅಭ್ಯಾಸವಿರುವವರು. ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿದು ಮತ್ತೆ ಗುರಿ ಹಿಡಿಯಲು ನುರಿತ ಕೈಗೂ ಸುಮಾರು 20 ಸೆಕೆಂಡು ಬೇಕು. ಆ ಅವಧಿಯೇ ಯುದ್ಧದ ದೃಶ್ಯದ ಲಯವನ್ನು ನಿರ್ಧರಿಸುತ್ತದೆ. ಸಾಹಸ ನಿರ್ದೇಶಕರೂ ಸಂಕಲನಕಾರರೂ ಕೋವಿ ಬಲ್ಲವರೊಡನೆ ಕುಳಿತು ಮಾತನಾಡದಿದ್ದರೆ, 1837ರ ಕೋವಿ ಇಂದಿನ ಬಂದೂಕಿನಂತೆ ಒಂದೇ ಸಮನೆ ಸಿಡಿಯುತ್ತಿರುತ್ತದೆ. ಬಯಲಿನಲ್ಲಿ ನೂರು ಕುದುರೆ ಓಡಿಸುವ ಆಸೆಯನ್ನೂ ಬಿಡಿ ಎಂದು ಕೇಳಿಕೊಳ್ಳುತ್ತೇನೆ. ಇದು ಕಾಡಿನ ನಾಡು. ನಮ್ಮ ಹಿರಿಯರು ತೋಡಿದ ಕಡಂಗಗಳು ಇಂದಿಗೂ ಕಾಣುತ್ತವೆ. ಆ ಕಂದಕದ ಇಕ್ಕಟ್ಟನ್ನು ಸೆರೆಹಿಡಿದರೆ ಕುದುರೆಗಳ ಬಾಡಿಗೆ ಉಳಿಯುತ್ತದೆ, ಸತ್ಯವೂ ಉಳಿಯುತ್ತದೆ.

ಸಮಯವಾಯಿತೆಂದು ಚೀಟಿ ಬಂದಿದೆ. ಧ್ವನಿ, ಸಂಗೀತ, ಭಾಷೆಗಳ ಬಗ್ಗೆ ಟಿಪ್ಪಣಿ ಮಾಡಿಕೊಂಡಿದ್ದೆ. ಎರಡೆರಡು ವಾಕ್ಯಗಳಲ್ಲಿ ಮುಗಿಸುತ್ತೇನೆ. ನಮ್ಮ ಮಳೆಯಲ್ಲಿ ಸ್ಥಳದಲ್ಲೇ ದಾಖಲಿಸಿದ ಮಾತು ಎಷ್ಟೋ ಸಲ ಕೈಗೆ ಸಿಗದು. ಹೆಜ್ಜೆಯ ಸಪ್ಪಳವನ್ನೂ ಬಟ್ಟೆಯ ಸರಸರವನ್ನೂ ಸ್ಟುಡಿಯೋದಲ್ಲಿ ಮತ್ತೆ ಹುಟ್ಟಿಸುವವರಿಗೆ ಬಜೆಟ್ಟಿನಲ್ಲಿ ಮೊದಲೇ ಜಾಗವಿರಲಿ. ದುಡಿ ಎಂಬ ಕಿರು ಚರ್ಮವಾದ್ಯ ಬಾರಿಸುವವರನ್ನೂ ವಾಲಗದವರನ್ನೂ ಹಾಡು ಸಿದ್ಧವಾದ ಮೇಲೆ ಕರೆಯಬೇಡಿ, ರಾಗ ಹಾಕುವ ದಿನವೇ ಕರೆಯಿರಿ. ಕೊಡಗನ್ನು ಆಳಿದ ಹಾಲೇರಿ ಅರಸರ ಆಸ್ಥಾನದ ಬರಹ ಕನ್ನಡದಲ್ಲಿತ್ತು, ಮನೆಗಳಲ್ಲಿ ಕೊಡವರ ನುಡಿಯಾದ ಕೊಡವ ತಕ್ಕ್ ಇತ್ತು, ಗೌಡರ ಆಡುನುಡಿಯಾದ ಅರೆಭಾಷೆ ಇತ್ತು; ಎಲ್ಲರ ಬಾಯಲ್ಲೂ ಒಂದೇ ಬಗೆಯ ಗ್ರಾಂಥಿಕ ಕನ್ನಡ ಹಾಕಿದರೆ ಆ ದಂಗೆಯಲ್ಲಿ ಯಾರು ಯಾರ ಜೊತೆ ನಿಂತರೆಂಬುದೇ ಮಸುಕಾಗುತ್ತದೆ.

ನಿರ್ಮಾಪಕರು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ದರ್ಜಿ, ಕಮ್ಮಾರ, ಬಡಗಿ, ವಾದ್ಯದವರು, ಇವರಿಗೆ ಮುಂಗಡ ಎಂದು ಕೊಡುತ್ತೀರಿ, ಇವರ ಹೆಸರು ತೆರೆಯ ಮೇಲೆ ಎಲ್ಲಿ ಬರುತ್ತದೆ, ಈ ಎರಡು ಪ್ರಶ್ನೆಗಳಿಗೆ ಅವರು ಇದೇ ಸಭೆಯಲ್ಲಿ ಉತ್ತರ ಹೇಳಬೇಕೆಂದು ಕೋರಿ, ಧ್ವನಿವರ್ಧಕವನ್ನು ಅವರಿಗೆ ಕೊಡುತ್ತಿದ್ದೇನೆ.