ಸಿಸ್ಟರ್, ಒಂದು ಸ್ಟಾಪ್ ಮೊದಲೇ ಇಳಿಯಿರಿ

ನಮಸ್ಕಾರ. ಕುಂಬಳೆ, ಬದಿಯಡ್ಕ, ಮುಳ್ಳೇರಿಯಾ ಕಡೆ ರೇಡಿಯೋ ಹಾಕಿಕೊಂಡಿರುವ ನರ್ಸ್ ಅಕ್ಕಂದಿರೇ, ತಲಪಾಡಿ ದಾಟಿ ಮಂಗಳೂರಿಗೆ ಡ್ಯೂಟಿಗೆ ಹೋಗುವವರೇ, ಈ ಮಾತು ನಿಮಗೆ. ಒಂದೇ ಸಂಗತಿ ಹೇಳುತ್ತೇನೆ. ವಾರ್ಡಿನ ಓಡಾಟ ವ್ಯಾಯಾಮ ಅಲ್ಲ.

ಕೋಪ ಬಂತಾ? ಸೀತಾಂಗೋಳಿ ಕಡೆಯ ಒಬ್ಬ ಸಿಸ್ಟರಿಗೂ ಬಂದಿತ್ತು. ಖಾಲಿ ಹೊಟ್ಟೆಯ ಶುಗರ್ 118. 100 ದಾಟಿದರೆ ಎಚ್ಚರ, 126 ಮುಟ್ಟಿದರೆ ಸಕ್ಕರೆ ಕಾಯಿಲೆ. ರೋಗಿಗಳಿಗೆ ದಿನಾ ಇದನ್ನು ಹೇಳುವವರೇ ಅವರು. "ಡಾಕ್ಟ್ರೇ, ಕೂತುಕೊಳ್ಳಲಿಕ್ಕೇ ಪುರುಸೊತ್ತಿಲ್ಲ, ಇನ್ನು ಎಂಥ ವ್ಯಾಯಾಮ?" ಎಂದರು. ಸರಿ, ಒಂದು ರಾತ್ರಿ ರೌಂಡ್ಸ್ ಮುಗಿಸಿ ಅವರ ಹಿಂದೆಯೇ ನಡೆದೆ. ಹೆಜ್ಜೆ ಎಣಿಸಿದೆ. ಟ್ರಾಲಿಯಿಂದ ಬೆಡ್ಡಿಗೆ 9 ಹೆಜ್ಜೆ. ನಿಂತರು, ಡ್ರಿಪ್ ನೋಡಿದರು. ಮತ್ತೆ 6 ಹೆಜ್ಜೆ. ನಿಂತರು, ಬಿ.ಪಿ. ನೋಡಿದರು. ಬಗ್ಗಿ ಒಬ್ಬ ಅಜ್ಜಿಯ ತಲೆದಿಂಬು ಸರಿಮಾಡಿದರು. ಕಾಲು ಸೋತಿತ್ತು, ಬೆನ್ನು ನೋಯುತ್ತಿತ್ತು. ಆದರೆ ಒಮ್ಮೆಯೂ ಉಸಿರು ಜೋರಾಗಲಿಲ್ಲ. 2 ಗಂಟೆಗೆ ಸಕ್ಕರೆ ಜಾಸ್ತಿ ಹಾಕಿದ ಚಹಾ, ಎರಡು ಬನ್ಸ್. ಆಮೇಲೆ ಕುರ್ಚಿಯಲ್ಲಿ ಕೂತು ಚಾರ್ಟ್ ಬರೆದರು.

ದಣಿವು ಬೇರೆ, ವ್ಯಾಯಾಮ ಬೇರೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಾಗಿ ನಡೆಯಬೇಕು. ಆಗ ತೊಡೆಯ ದೊಡ್ಡ ಸ್ನಾಯುಗಳು ಇನ್ಸುಲಿನ್ನಿಗೂ ಕಾಯದೆ ರಕ್ತದ ಸಕ್ಕರೆ ಎಳೆದುಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ದಿನಕ್ಕೆ 20 ನಿಮಿಷ ಚಿಲ್ಲರೆ, ಅಷ್ಟೇ ಅಲ್ವಾ?

ಆ ಸಿಸ್ಟರ್ ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿಯತೊಡಗಿದರು. ಗುಡ್ಡದ ಏರುದಾರಿ, 20 ನಿಮಿಷ. ಊಟವಾದ ಮೇಲೆ ಅಂಗಳದಲ್ಲಿ 10 ನಿಮಿಷ, ಮಳೆ ಬಂದರೆ ಜಗಲಿಯಲ್ಲಿ. ಆರು ತಿಂಗಳಿಗೆ ಶುಗರ್ 101. ತೂಕ ಬರೇ 2 ಕಿಲೋ ಇಳಿಯಿತೆಂದು ಅವರಿಗೆ ಬೇಸರ. ನಾನು ಒಪ್ಪುವುದಿಲ್ಲ. ಸೊಂಟ 91 ಸೆಂಟಿಮೀಟರಿನಿಂದ 86ಕ್ಕೆ ಬಂತಲ್ಲ! ಕರಗಿದ್ದು ಹೊಟ್ಟೆಯ ಕೊಬ್ಬು, ಕಾಟ ಕೊಡುವುದೂ ಅದೇ.

ಸಮಯ ಆಗುತ್ತಾ ಬಂತು, ಊಟದ ವಿಷಯ ಬೇಗ ಹೇಳುತ್ತೇನೆ. ನೈಟ್ ಡ್ಯೂಟಿಗೆ ಹೊರಡುವ ಮೊದಲೇ ಉಣ್ಣಿ. ನಡುರಾತ್ರಿ ತಿಂದ ಸಕ್ಕರೆಯನ್ನು ದೇಹ ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಹಸಿವಾದರೆ ಬೇಯಿಸಿದ ಮೊಟ್ಟೆಯೋ ಕಡಲೆಯೋ ಸಾಕು, ಬನ್ಸ್ ಬೇಡ.

ಇವತ್ತೇ ಟೇಪ್ ಹಿಡಿದು ಸೊಂಟ ಅಳೆಯಿರಿ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90. ಅದಕ್ಕಿಂತ ಜಾಸ್ತಿ ಇದ್ದರೆ ನಾಳೆಯೇ ಒಂದು ಸ್ಟಾಪ್ ಮೊದಲು ಇಳಿಯಿರಿ. "ವಾರ್ಡಿನಲ್ಲಿ ನಡೆದೆನಲ್ಲ" ಎಂದು ಮಾತ್ರ ಹೇಳಬೇಡಿ. ನಮಸ್ಕಾರ.