ಕೊಳ್ಳುವಾಗಲೂ ಕೊಡುವಾಗಲೂ ಒಂದೇ ತಕ್ಕಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಸಲ ಸಂತೆಗೆ ಹೋದಾಗ ಅಂಗಡಿಯವರ ತಕ್ಕಡಿಯನ್ನು ಸ್ವಲ್ಪ ಗಮನಿಸಿ. ಕೈತಕ್ಕಡಿಗೂ ಬಟ್ಟುಗಳಿಗೂ 2 ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ಸಿಹಿತಿಂಡಿಯ ತೂಕದಲ್ಲಿ ಡಬ್ಬಿಯ ತೂಕ ಸೇರಬಾರದು. ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ 5 ಲೀಟರ್ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಿ ಎನ್ನಬಹುದು. ಕೇಳಲು ಸಂಕೋಚ ಬೇಡ.

ಒಂದು ಕೇಜಿಗೆ 50 ಗ್ರಾಂ ಹೋದರೆ ಏನು ಮಹಾ, ಅನ್ನಿಸಬಹುದು. ತಿಂಗಳ ಸಾಮಾನು ಒಟ್ಟಿಗೆ ತರುವ ಮನೆಗೆ ಅದು ಗೊತ್ತೇ ಆಗುವುದಿಲ್ಲ. ಸಂಜೆ ಕೂಲಿ ಬಂದ ಮೇಲೆ ಅಂದಿನ ಅಕ್ಕಿ, ಅಂದಿನ ಬೇಳೆ ಕೊಳ್ಳುವ ಮನೆಯಲ್ಲಿ ಒಂದು ತುತ್ತು ಕಡಿಮೆಯಾಗುತ್ತದೆ. ತೇವ ಇದೆ, ಧೂಳು ಇದೆ ಎಂದು ರೈತನ ಚೀಲಕ್ಕೆ ಇಷ್ಟಿಷ್ಟು ಕೇಜಿ ಕಡಿಯುವುದೂ ಹೀಗೆಯೇ. ಎದುರಾಡಲಾರದವರ ಮೇಲೆಯೇ ಈ ಲೆಕ್ಕ ಬೀಳುತ್ತದಲ್ಲ, ನನ್ನನ್ನು ಕಾಡುವುದು ಅದು.

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿ ಇದ್ದರು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದಳು. ಕದ್ದ ಅಕ್ಕಿಯಲ್ಲ, ಯಾರ ಚೀಲವನ್ನೂ ಬಿಚ್ಚಿ ತಂದದ್ದಲ್ಲ. ಆದರೂ ಬೇಕಾದ್ದಕ್ಕಿಂತ ಹೆಚ್ಚು ಮನೆಗೆ ಬಂದಿದೆ ಎನ್ನುವುದೇ ಆಕೆಗೆ ಸಾಕಾಗಿತ್ತು. ಕಡುಬಡತನದಲ್ಲಿದ್ದ ಹೆಣ್ಣುಮಗಳು ಗಂಡನಿಗೆ ಹೇಳಿದ ಮಾತಿದು. ಎಷ್ಟು ಸಲ ನೆನೆದರೂ ನನಗೆ ಮೈ ಜುಮ್ಮೆನ್ನುತ್ತದೆ.

ಹಾಗಿದ್ದರೆ ನಮ್ಮ ಕೈಯ ತಕ್ಕಡಿ ಹೇಗಿದೆ? ಮಾಲ್‌ನಲ್ಲಿ ಚೀಟಿಯ ಮೇಲಿನ ಬೆಲೆಯನ್ನು ಮಾತಿಲ್ಲದೆ ಕೊಡುತ್ತೇವೆ. ಬಿಸಿಲಲ್ಲಿ ಕುಳಿತ ಸೊಪ್ಪಿನ ಅಜ್ಜಿಯ ಹತ್ತಿರ 5 ರೂಪಾಯಿಗೆ ಚೌಕಾಸಿ ಮಾಡುತ್ತೇವೆ, ಮೇಲೊಂದು ಕೊತ್ತಂಬರಿ ಕಟ್ಟನ್ನೂ ಕೇಳುತ್ತೇವೆ. ನಮಗೆ ಜ್ವರ ಬಂದರೆ ಆಫೀಸಿನಲ್ಲಿ ಸಂಬಳದ ರಜೆ ಇರುತ್ತದೆ. ಮನೆಗೆಲಸದ ಅಕ್ಕನಿಗೆ ಜ್ವರ ಬಂದರೆ ಅಷ್ಟು ದಿನದ ಹಣ ಹಿಡಿಯುತ್ತೇವೆ. ದಯವಿಟ್ಟು ಈ ತಿಂಗಳಿಂದಲೇ ಅದನ್ನು ನಿಲ್ಲಿಸಿ. ಮೊದಲ ತಾರೀಖಿಗೇ, ಅವರು ಕೇಳುವ ಮುಂಚೆ, ಪೂರ್ತಿ ಸಂಬಳ ಅವರ ಕೈಗಿಡಿ.

ನಮಸ್ಕಾರ.